ಆಫೀಸ್ ಇಂಗ್ಲಿಷಿನಲ್ಲಿ 'ಇಫ್': ಪದೇ ಪದೇ ಕೇಳುವ ಪ್ರಶ್ನೆಗಳು

ಕೊಟೇಶನ್ ಕಳಿಸುವಾಗ, ಕ್ಲೈಂಟ್ ಜೊತೆ ರೇಟ್ ಮಾತಾಡುವಾಗ, ಡೆಡ್‌ಲೈನ್ ಒಪ್ಪುವಾಗ, ಬಾಕಿ ದುಡ್ಡು ಕೇಳುವಾಗ 'ಇಫ್' ಬಂದೇ ಬರುತ್ತದೆ. ಟೈಪ್ ಮಾಡುತ್ತಿದ್ದ ಕೈ ಅಲ್ಲೇ ನಿಂತುಬಿಡುವುದೂ ಜಾಸ್ತಿ. ಕನ್ನಡದಲ್ಲಿ ಯೋಚನೆ ಮಾಡಿ ಇಂಗ್ಲಿಷಿನಲ್ಲಿ ಮೇಲ್ ಬರೆಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಇಂಗ್ಲಿಷ್ ಉದಾಹರಣೆಗಳೂ ಕನ್ನಡ ಲಿಪಿಯಲ್ಲೇ ಇವೆ, ಒಮ್ಮೆ ಬಾಯಿಬಿಟ್ಟು ಓದಿಕೊಳ್ಳಿ. ಎಲ್ಲವನ್ನೂ ಒಂದೇ ಸಲ ಓದಬೇಕಿಲ್ಲ, ನಿಮ್ಮ ತಲೆನೋವು ಯಾವುದೋ ನೇರವಾಗಿ ಅಲ್ಲಿಗೆ ಹೋಗಿ.

ಝೀರೋ, ಫಸ್ಟ್, ಸೆಕೆಂಡ್, ಥರ್ಡ್ ಅಂತ ನಾಲ್ಕು ಕಂಡೀಷನಲ್ (ಷರತ್ತಿನ ವಾಕ್ಯ) ಹೇಳಿಕೊಟ್ಟಿದ್ದರು. ಈಗ ಒಂದೂ ನೆನಪಿಲ್ಲ. ಮತ್ತೆ ಬಾಯಿಪಾಠ ಮಾಡಬೇಕಾ?

ಬೇಡ. ಹೆಸರು ಮರೆತರೂ ನಡೆಯುತ್ತದೆ, ಯಾವುದು ಯಾವ ಕೆಲಸಕ್ಕೆ ಅಂತ ಗೊತ್ತಿದ್ದರೆ ಸಾಕು. ಪೀಣ್ಯದಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಇದೆ, ಹೊರದೇಶದ ಗಿರಾಕಿಗೆ ಬಿಡಿಭಾಗ ಮಾಡಿ ಕಳಿಸುತ್ತಾರೆ ಅಂತ ಇಟ್ಟುಕೊಳ್ಳಿ.

"ಇಫ್ ದಿ ಆರ್ಡರ್ ಈಸ್ ಅಬೋವ್ ಫೈವ್ ಹಂಡ್ರೆಡ್ ಪೀಸಸ್, ಫ್ರೈಟ್ ಈಸ್ ಫ್ರೀ." ಇದು ಅವರ ಅಂಗಡಿಯ ರೂಲ್. ಯಾರಿಗಾದರೂ, ಯಾವಾಗಲಾದರೂ ಇದೇ. ಎರಡೂ ಕಡೆ ವರ್ತಮಾನ.

"ಇಫ್ ಯು ಸೆಂಡ್ ದ ಪಿಒ ಟುಡೇ, ವಿ ವಿಲ್ ಡಿಸ್ಪ್ಯಾಚ್ ಆನ್ ಫ್ರೈಡೇ." ಇದು ಮಾತು ಕೊಟ್ಟ ಹಾಗೆ. ಪಿಒ (ಖರೀದಿ ಆದೇಶ) ಇವತ್ತು ಬಂದು ಶುಕ್ರವಾರ ಮಾಲು ಹೊರಡದಿದ್ದರೆ ಫೋನ್ ಬರುತ್ತದೆ.

"ಇಫ್ ಯು ಡಬಲ್ಡ್ ದಿ ಆರ್ಡರ್, ವಿ ವುಡ್ ಲುಕ್ ಅಟ್ ದ ಪ್ರೈಸ್ ಅಗೇನ್." ಇಲ್ಲಿ ಯಾರೂ ಏನೂ ಕೊಟ್ಟಿಲ್ಲ. ಸುಮ್ನೆ ಒಂದು ಯೋಚನೆ ಮೇಜಿನ ಮೇಲಿಟ್ಟಿದ್ದಾರೆ, ಅಷ್ಟೇ.

"ಇಫ್ ದ ಸ್ಟೀಲ್ ಹ್ಯಾಡ್ ಕಮ್ ಆನ್ ಟೈಮ್, ವಿ ವುಡ್ ಹ್ಯಾವ್ ಶಿಪ್ಡ್ ಲಾಸ್ಟ್ ವೀಕ್." ಸ್ಟೀಲ್ ಬರಲಿಲ್ಲ, ಮಾಲು ಹೋಗಲಿಲ್ಲ. ಇನ್ನು ಬದಲಾಯಿಸಲು ಆಗುವುದಿಲ್ಲ.

ಗಿರಾಕಿ ನಾಳೆ ನಿಮ್ಮ ಮೇಲ್ ಹಿಡಿದು "ನೀವೇ ಹೇಳಿದ್ದಿರಲ್ಲ" ಅಂತ ಕೇಳಬಹುದಾ? ಮೊದಲ ಎರಡಕ್ಕೆ ಕೇಳಬಹುದು, ಮೂರನೆಯದಕ್ಕೆ ಕೇಳಲು ಆಗುವುದಿಲ್ಲ. ಕೆಳಗಿನ ಮುಕ್ಕಾಲು ಪಾಲು ಉತ್ತರಗಳು ಇದರ ಸುತ್ತಲೇ ಇವೆ.

"ಇಫ್ ಯು ವಿಲ್ ಸೆಂಡ್ ದ ಫೈಲ್ ಟುಮಾರೋ" ಅಂದರೆ ಏನು ತಪ್ಪು? ನಾಳೆಯ ಮಾತು ತಾನೇ?

ನಾಳೆಯ ಮಾತೇ, ಆದರೆ ಇಂಗ್ಲಿಷಿನಲ್ಲಿ 'ಇಫ್' ಇರುವ ಭಾಗಕ್ಕೆ ಭವಿಷ್ಯದ 'ವಿಲ್' ಬೇಕಿಲ್ಲ. "ಇಫ್ ಯು ಸೆಂಡ್ ದ ಫೈಲ್ ಟುಮಾರೋ, ಐ ವಿಲ್ ಚೆಕ್ ಇಟ್ ಬೈ ಈವ್ನಿಂಗ್." ನಾವೂ "ನಾಳೆ ಕಳುಹಿಸುತ್ತೀರಿ ಆದರೆ" ಅನ್ನುವುದಿಲ್ಲ, "ನಾಳೆ ಕಳಿಸಿದರೆ" ಅನ್ನುತ್ತೇವೆ ಅಲ್ವಾ.

ಕೆಲವು ಕಡೆ 'ವಿಲ್' ಸರಿ, ಮುಖ್ಯವಾಗಿ ಎದುರಿನವರ ಮನಸ್ಸನ್ನು ಕೇಳುವಾಗ. ರಿಸೆಪ್ಷನ್‌ನಲ್ಲಿ "ಇಫ್ ಯು ವಿಲ್ ವೇಟ್ ಎ ಮೊಮೆಂಟ್, ಐ ವಿಲ್ ಕಾಲ್ ಹಿಮ್" ಅನ್ನುತ್ತಾರಲ್ಲ, ಅಲ್ಲಿ 'ವಿಲ್' ಅಂದರೆ 'ದಯವಿಟ್ಟು ಕಾಯುವುದಾದರೆ' ಅಂತ. ಮೇಲ್‌ನಲ್ಲಿ ಇದರ ಅಗತ್ಯ ಬೀಳುವುದು ತೀರಾ ಕಮ್ಮಿ.

ರೇಟ್ ಮಾತುಕತೆಯಲ್ಲಿ 'ವಿಲ್' ಹಾಕಬೇಕಾ, 'ವುಡ್' ಹಾಕಬೇಕಾ?

ಈ ಪುಟದಲ್ಲಿ ದುಡ್ಡಿನ ಲೆಕ್ಕದಲ್ಲಿ ದೊಡ್ಡ ಪ್ರಶ್ನೆ ಇದೇ. ಒಂದು ಮೇಲ್ ಹತ್ತಿರದಿಂದ ನೋಡೋಣ. ಸಾಫ್ಟ್‌ವೇರ್ ಮೇಂಟೆನೆನ್ಸ್ ಒಪ್ಪಂದದ ಮಾತು ನಡೆಯುತ್ತಿದೆ. ನೀವು ಬರೆದಿರಿ:

"ಇಫ್ ಯು ಸೈನ್ ಫಾರ್ ಟು ಇಯರ್ಸ್, ವಿ ವಿಲ್ ರಿಡ್ಯೂಸ್ ದ ರೇಟ್ ಬೈ ಏಯ್ಟ್ ಪರ್ಸೆಂಟ್."

ಕ್ಲೈಂಟ್ ಇದನ್ನು ಹಾಗೇ ತಮ್ಮ ಫೈನಾನ್ಸ್‌ನವರಿಗೆ ಫಾರ್ವರ್ಡ್ ಮಾಡುತ್ತಾರೆ. ಅವರು ಎಕ್ಸೆಲ್ ಶೀಟ್‌ನಲ್ಲಿ ಶೇಕಡಾ 8 ಕಡಿಮೆ ಮಾಡಿಕೊಂಡು, ಅಲ್ಲಿಂದ ಚೌಕಾಸಿ ಶುರು ಮಾಡುತ್ತಾರೆ. ನಿಮ್ಮ ಮ್ಯಾನೇಜರ್ ಇನ್ನೂ ಈ 8ಕ್ಕೆ ಒಪ್ಪಿಗೆ ಕೊಟ್ಟಿರದಿದ್ದರೆ ಪಜೀತಿ. ಇದೇ ಮಾತನ್ನು ಹೀಗೆ ಬರೆದಿದ್ದರೆ:

"ಇಫ್ ಯು ಸೈನ್ಡ್ ಫಾರ್ ಟು ಇಯರ್ಸ್, ವಿ ಕುಡ್ ಲುಕ್ ಅಟ್ ದ ರೇಟ್."

ಬಾಗಿಲು ತೆರೆದಿದೆ, ಆದರೆ ನಂಬರ್ ಇಲ್ಲ, ಮಾತು ಕೊಟ್ಟಿಲ್ಲ. ಅವರು "ಎಷ್ಟು?" ಅಂತ ಕೇಳಬೇಕು, ಆಗ ನೀವು "ಎರಡು ವರ್ಷಕ್ಕೆ ನಿಮಗೆ ಒಪ್ಪಿಗೆಯಾ?" ಅಂತ ಕೇಳಬಹುದು. ಇವೆರಡರ ನಡುವೆಯೂ ಮೆಟ್ಟಿಲುಗಳಿವೆ. 'ವಿ ವಿಲ್' ಅಂದರೆ ಮಾಡೇ ಮಾಡುತ್ತೇವೆ. 'ವಿ ಕ್ಯಾನ್' ಅಂದರೆ ನಮ್ಮ ಕೈಲಿದೆ, ಇದನ್ನೂ ಓದುವವರು ಒಪ್ಪಿಗೆ ಅಂತಲೇ ತಿಳಿಯುತ್ತಾರೆ. 'ವಿ ಕುಡ್' ಅಂದರೆ ಆಗಬಹುದು, ನೋಡೋಣ. 'ವಿ ಮೈಟ್ ಬಿ ಏಬಲ್ ಟು' ಅಂದರೆ ಇನ್ನೂ ದೂರ, ಮೇಲಿನವರನ್ನು ಕೇಳಬೇಕು.

ಕೇಳಿಸಿಕೊಳ್ಳುವಾಗಲೂ ಇದೇ ಕಿವಿ ಬೇಕು. ಅಮೆರಿಕದ ಅಥವಾ ಬ್ರಿಟನ್ನಿನ ಕ್ಲೈಂಟ್ "ಇಫ್ ವಿ ವರ್ ಟು ಗೋ ಅಹೆಡ್, ವಾಟ್ ವುಡ್ ಯುವರ್ ಟೈಮ್‌ಲೈನ್ ಬಿ?" ಅಂತ ಕೇಳಿದರೆ, ಡೀಲ್ ಆಯಿತು ಅಂತ ಗ್ರೂಪಿನಲ್ಲಿ ಮೆಸೇಜ್ ಹಾಕಬೇಡಿ. 'ವರ್ ಟು' ಅಂದರೆ ಅವರು ಬೇರೆ ಮೂರು ಕಂಪನಿಗೂ ಇದೇ ಪ್ರಶ್ನೆ ಕೇಳುತ್ತಿರಬಹುದು. "ಇಫ್ ವಿ ಗೋ ಅಹೆಡ್, ಕ್ಯಾನ್ ಯು ಸ್ಟಾರ್ಟ್ ಆನ್ ಮಂಡೇ?" ಅಂದಾಗ ಸ್ವಲ್ಪ ಖುಷಿಪಡಬಹುದು.

ಇನ್ನೊಂದು: ಫೋನಿನಲ್ಲಿ ಷರತ್ತನ್ನು ಮೊದಲು ಹೇಳಿ. "ವಿ ವಿಲ್ ಗಿವ್ ಏಯ್ಟ್ ಪರ್ಸೆಂಟ್ ಆಫ್ ಇಫ್..." ಅಂತ ಶುರು ಮಾಡಿದರೆ ಎದುರಿನವರ ಕಿವಿ 'ಏಯ್ಟ್ ಪರ್ಸೆಂಟ್'ಗೇ ನಿಂತುಬಿಡುತ್ತದೆ, 'ಇಫ್' ಆಮೇಲೆ ಬಂದದ್ದು ಯಾರಿಗೂ ಬೇಡ.

"ವಿ ಆಕ್ಸೆಪ್ಟ್ ಯುವರ್ ಆಫರ್ ಇಫ್ ಯು ಎಕ್ಸ್‌ಟೆಂಡ್ ದ ವಾರಂಟಿ" ಅಂತ ಬರೆದೆ. ಇದು ಒಪ್ಪಿಗೆಯೇ ತಾನೇ?

ನೀವು ಅಂದುಕೊಂಡ ಅರ್ಥದಲ್ಲಿ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಒಪ್ಪಿಗೆ ಪೂರ್ತಿಯಾಗಿ, ಷರತ್ತಿಲ್ಲದೆ ಇರಬೇಕು. ಬಾಲಕ್ಕೆ 'ಇಫ್' ಕಟ್ಟಿದರೆ ಅದು ಹೊಸ ಆಫರ್ ಆಗುತ್ತದೆ, ಈಗ ಒಪ್ಪುವ ಬಿಡುವ ಸರದಿ ಅವರದು. ಅವರು ಬೇಡ ಅಂದ ಮೇಲೆ "ಹಾಗಾದರೆ ನಿಮ್ಮ ಹಳೇ ಆಫರ್‌ಗೇ ಸೈ" ಅಂತ ಹಿಂದೆ ಹೋಗಲು ಆಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಆ ಬೆಲೆ ನಿಮಗೆ ನಿಜಕ್ಕೂ ಬೇಕಿದ್ದರೆ ಒಪ್ಪಿಗೆಯನ್ನು ಒಂದು ವಾಕ್ಯದಲ್ಲಿ ಮುಗಿಸಿ, ವಾರಂಟಿಯನ್ನು ಬೇರೆ ವಾಕ್ಯದಲ್ಲಿ ಕೋರಿಕೆಯಾಗಿ ಕೇಳಿ: "ವಿ ಆಕ್ಸೆಪ್ಟ್ ಯುವರ್ ಆಫರ್. ಸೆಪರೇಟ್ಲಿ, ವುಡ್ ಯು ಕನ್ಸಿಡರ್ ಎಕ್ಸ್‌ಟೆಂಡಿಂಗ್ ದ ವಾರಂಟಿ?"

ಇದೇ ಕಾಯ್ದೆಯ 31ನೇ ಸೆಕ್ಷನ್ನಿನಿಂದ ಮುಂದೆ 'ಹೀಗಾದರೆ ಮಾತ್ರ' ಅನ್ನುವ ಕರಾರುಗಳ ಬಗ್ಗೆಯೇ ಇದೆ. ಆ ಘಟನೆ ನಡೆಯುವವರೆಗೆ ಕರಾರನ್ನು ಜಾರಿ ಮಾಡಿಸಲು ಆಗುವುದಿಲ್ಲ ಅಂತ 32ನೇ ಸೆಕ್ಷನ್ ಹೇಳುತ್ತದೆ. ಸಹಿ ಹಾಕುವ ಕಾಗದದಲ್ಲಿರುವ 'ಇಫ್' ವಾಕ್ಯವನ್ನು ವಕೀಲರಿಗೆ ಒಮ್ಮೆ ತೋರಿಸಿ, ಇಂಗ್ಲಿಷ್ ಮೇಷ್ಟರು ಅಲ್ಲಿ ಸಾಲುವುದಿಲ್ಲ.

'ಸಬ್ಜೆಕ್ಟ್ ಟು', 'ಪ್ರೊವೈಡೆಡ್ ದಟ್', 'ಆಸ್ ಲಾಂಗ್ ಆಸ್' ಎಲ್ಲಾ 'ಇಫ್' ತಾನೇ?

ಸುಮಾರಾಗಿ ಹೌದು, ತೂಕ ಬೇರೆ. 'ಪ್ರೊವೈಡೆಡ್ ದಟ್' ಅಂದರೆ ಈ ಷರತ್ತು ಪೂರೈಸಿದರೆ ಮಾತ್ರ, ಕೊಟೇಶನ್‌ಗೆ ಒಪ್ಪುತ್ತದೆ. 'ಆಸ್ ಲಾಂಗ್ ಆಸ್' ಅದರ ಸಲಿಗೆಯ ರೂಪ, ಚಾಟ್‌ನಲ್ಲಿ ಚೆನ್ನ. 'ಸಬ್ಜೆಕ್ಟ್ ಟು' ಆದಮೇಲೆ ಹೆಸರುಪದ ಬರಬೇಕು, ಪೂರ್ತಿ ವಾಕ್ಯ ಬರಬಾರದು. "ಸಬ್ಜೆಕ್ಟ್ ಟು ಮ್ಯಾನೇಜ್‌ಮೆಂಟ್ ಅಪ್ರೂವಲ್" ಸರಿ, "ಸಬ್ಜೆಕ್ಟ್ ಟು ಮ್ಯಾನೇಜ್‌ಮೆಂಟ್ ಅಪ್ರೂವ್ಸ್" ತಪ್ಪು. ಮೇಲೆ ಹೇಳಿದ ಶೇಕಡಾ 8ರ ವಾಕ್ಯದ ತುದಿಗೆ ಮೊದಲನೆಯದರ ಆ ನಾಲ್ಕು ಪದ ಸೇರಿಸಿದ್ದರೂ ನಿಮ್ಮ ತಲೆ ಉಳಿಯುತ್ತಿತ್ತು.

"ಐ ವುಡ್ ಬಿ ಆನ್ ಲೀವ್ ಟುಮಾರೋ" ಅಂತ ಎಲ್ಲರೂ ಬರೆಯುತ್ತಾರೆ. ಇದರಲ್ಲಿ 'ಇಫ್' ಎಲ್ಲಿದೆ?

ಇಲ್ಲ, ಅದೇ ಸಮಸ್ಯೆ. 'ವುಡ್' ಕಂಡ ತಕ್ಷಣ ಓದುವವರ ಮನಸ್ಸು 'ಏನಾದರೆ?' ಅಂತ ಷರತ್ತು ಹುಡುಕುತ್ತದೆ. ಬಾಸ್ ರಜೆ ಕೊಟ್ಟರೆ? ಮಗುವಿಗೆ ಜ್ವರ ಬಿಡದಿದ್ದರೆ? 'ವುಡ್' ಅಂದರೆ 'ವಿಲ್'ಗಿಂತ ಮರ್ಯಾದೆ ಅನ್ನುವ ನಂಬಿಕೆ ನಮ್ಮ ಆಫೀಸುಗಳಲ್ಲಿ ಗಟ್ಟಿಯಾಗಿ ಕೂತಿದೆ, ಹಾಗಾಗಿ "ದ ಮೀಟಿಂಗ್ ವುಡ್ ಸ್ಟಾರ್ಟ್ ಅಟ್ ತ್ರೀ", "ದ ಟೀಮ್ ವುಡ್ ಡೆಲಿವರ್ ಬೈ ಮಂಡೇ" ಅಂತೆಲ್ಲ ಬರುತ್ತದೆ. ಇಲ್ಲಿನವರಿಗೆ ಅರ್ಥ ಆಗುತ್ತದೆ, ಹೊರಗಿನ ಕ್ಲೈಂಟ್‌ಗೆ ಸೋಮವಾರ ಡೆಲಿವರಿ ಇದೆಯೋ ಇಲ್ಲವೋ ಅಂತ ಅನುಮಾನ ಬರುತ್ತದೆ. ಖಚಿತವಾದ ವಿಷಯಕ್ಕೆ 'ವಿಲ್'. ಮರ್ಯಾದೆ 'ಪ್ಲೀಸ್' ಮತ್ತು 'ಥ್ಯಾಂಕ್ಸ್' ನೋಡಿಕೊಳ್ಳುತ್ತವೆ.

ಕೇಳುವಾಗ ಮಾತ್ರ 'ವುಡ್' ನಿಜವಾಗಲೂ ಮರ್ಯಾದೆಯೇ: "ವುಡ್ ಯು ಸೆಂಡ್ ಮಿ ದ ಶೀಟ್?"

"ಅನ್‌ಲೆಸ್ ಯು ಡೋಂಟ್ ಸೆಂಡ್ ದಿ ಇನ್‌ವಾಯ್ಸ್, ವಿ ಕೆನಾಟ್ ಪೇ" ಅನ್ನುವ ವಾಕ್ಯವನ್ನು ನಮ್ಮ ಟೀಮ್ ಲೀಡ್ ಹೊಡೆದುಹಾಕಿದರು. ಯಾಕೆ?

'ಅನ್‌ಲೆಸ್' ಒಳಗೇ 'ಇಲ್ಲ' ಇದೆ. ಅದರ ಜೊತೆ 'ಡೋಂಟ್' ಸೇರಿದರೆ ಎರಡು ಇಲ್ಲ ಸೇರಿ ಉಲ್ಟಾ ಅರ್ಥ, ಅಂದರೆ 'ಇನ್‌ವಾಯ್ಸ್ ಕಳಿಸಿದರೆ ದುಡ್ಡು ಕೊಡಲ್ಲ' ಅಂತ ಆಗುತ್ತದೆ. ಕನ್ನಡದವರು ಇಲ್ಲಿ ಎಡವುವುದಕ್ಕೆ ಕಾರಣ ಇದೆ: ನಾವು 'ಕಳಿಸದ ಹೊರತು' ಅನ್ನುತ್ತೇವೆ, ಕ್ರಿಯಾಪದದಲ್ಲೇ ಇಲ್ಲ ಅನ್ನುವುದು ಸೇರಿರುತ್ತದೆ, ಅದನ್ನೇ ಇಂಗ್ಲಿಷಿಗೂ ಹೊತ್ತುಕೊಂಡು ಹೋಗುತ್ತೇವೆ. ಸರಿಯಾದದ್ದು: "ಅನ್‌ಲೆಸ್ ಯು ಸೆಂಡ್ ದಿ ಇನ್‌ವಾಯ್ಸ್, ವಿ ಕೆನಾಟ್ ಪೇ."

ನನ್ನ ಕೇಳಿದರೆ ಗಿರಾಕಿಗೆ ಬರೆಯುವಾಗ 'ಅನ್‌ಲೆಸ್' ಬಿಟ್ಟೇಬಿಡಿ. ಕಿವಿಗೆ ಬೆದರಿಕೆ ತರಹ ಕೇಳಿಸುತ್ತದೆ. "ವಿ ಕ್ಯಾನ್ ರಿಲೀಸ್ ದ ಪೇಮೆಂಟ್ ಆಸ್ ಸೂನ್ ಆಸ್ ವಿ ಹ್ಯಾವ್ ದಿ ಇನ್‌ವಾಯ್ಸ್" ಅಂದರೆ ವಿಷಯ ಅದೇ, ಮುಖ ಸಿಂಡರಿಸುವುದಿಲ್ಲ.

'ಇನ್ ಕೇಸ್' ಮತ್ತು 'ಇಫ್' ಒಂದೇ ಅಲ್ವಾ?

ನಮ್ಮಲ್ಲಿ ಒಂದೇ ತರಹ ಬಳಸುತ್ತಾರೆ, ಆದರೆ ಬ್ರಿಟಿಷ್ ಇಂಗ್ಲಿಷಿನಲ್ಲಿ ಬೇರೆ. "ಕಾಲ್ ದಿ ಎಲೆಕ್ಟ್ರಿಷಿಯನ್ ಇಫ್ ದ ಯುಪಿಎಸ್ ಫೇಲ್ಸ್" ಅಂದರೆ ಯುಪಿಎಸ್ ಕೈಕೊಟ್ಟ ಮೇಲೆ ಕರೆಯಿರಿ. "ಕಾಲ್ ದಿ ಎಲೆಕ್ಟ್ರಿಷಿಯನ್ ಇನ್ ಕೇಸ್ ದ ಯುಪಿಎಸ್ ಫೇಲ್ಸ್" ಅಂದರೆ ಕೈಕೊಡಬಹುದು, ಅದಕ್ಕೇ ಮುಂಚೆಯೇ ಕರೆದು ಕೂರಿಸಿಕೊಳ್ಳಿ. ಒಂದು ಪದ ಬದಲಾದರೆ ಒಬ್ಬ ಮನುಷ್ಯನ ದಿನಗೂಲಿ ಕೊಡಬೇಕಾಗುತ್ತದೆ. ಮುನ್ನೆಚ್ಚರಿಕೆಗೆ ಮಾತ್ರ 'ಇನ್ ಕೇಸ್' ಇಟ್ಟುಕೊಳ್ಳಿ.

'ಇನ್ ಕೇಸ್ ಆಫ್ ಫೈರ್' ಅನ್ನುವುದು ಬೇರೆ, ಅದು 'ಬೆಂಕಿ ಬಿದ್ದಲ್ಲಿ' ಅಂತಲೇ. ಮತ್ತೆ 'ಇನ್‌ಕೇಸ್' ಅಂತ ಸೇರಿಸಿ ಬರೆಯಬೇಡಿ, ಎರಡು ಪದ.

'ಇಫ್ ಸಪೋಸ್' ಸರಿಯಾ?

ಇಲ್ಲ. 'ಒಂದು ವೇಳೆ ಬಂದರೆ' ಅಂತ ನಾವು ಎರಡು ಗುರುತು ಹಾಕುತ್ತೇವೆ, ಇಂಗ್ಲಿಷಿಗೆ ಒಂದು ಸಾಕು. 'ಇಫ್ ದ ಸರ್ವರ್ ಗೋಸ್ ಡೌನ್' ಅಥವಾ 'ಸಪೋಸ್ ದ ಸರ್ವರ್ ಗೋಸ್ ಡೌನ್'. 'ಸಪೋಸ್ ಇಫ್' ಕೂಡ ಇದೇ ಕೇಸು.

"ಐ ವುಡ್ ಅಪ್ರಿಷಿಯೇಟ್ ಇಫ್ ಯು ಕುಡ್..." ಇದರಲ್ಲಿ ಏನೋ ಕೊರತೆ ಅಂದರು.

'ಇಟ್' ಬಿಟ್ಟುಹೋಗಿದೆ. "ಐ ವುಡ್ ಅಪ್ರಿಷಿಯೇಟ್ ಇಟ್ ಇಫ್ ಯು ಕುಡ್ ರಿಪ್ಲೈ ಬೈ ಥರ್ಸ್‌ಡೇ." ಇದನ್ನು ಮರೆಯುವವರು 'ಗ್ರೇಟ್‌ಫುಲ್' ಹಾಕಿ ಬಚಾವಾಗಬಹುದು: "ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್ ರಿಪ್ಲೈ ಬೈ ಥರ್ಸ್‌ಡೇ." ಇಲ್ಲಿ 'ಇಟ್' ಬೇಡ. ದಿನಕ್ಕೆ ನಾಲ್ಕು ಮೇಲ್‌ಗೆ ಇದೇ ವಾಕ್ಯ ಹಾಕಿದರೆ ಸವೆದುಹೋಗುತ್ತದೆ. ಪಕ್ಕದ ಸೀಟಿನವರಿಗೆ "ಕ್ಯಾನ್ ಯು ಸೆಂಡ್ ದಿಸ್ ಬೈ ಥರ್ಸ್‌ಡೇ?" ಸಾಕು.

"ಇಫ್ ಐ ವುಡ್ ಹ್ಯಾವ್ ನೋನ್" ಅಂತ ಅಮೆರಿಕದವರೇ ಮಾತಾಡುವುದನ್ನು ಕೇಳಿದ್ದೇನೆ. ನಾವು ಬರೆದರೆ ಮಾತ್ರ ತಪ್ಪಾ?

ಮಾತಿನಲ್ಲಿ ಅವರು ಹೇಳುತ್ತಾರೆ, ನಿಜ. ಬರವಣಿಗೆಯಲ್ಲಿ ಅಲ್ಲೂ ತಿದ್ದುತ್ತಾರೆ. 'ಇಫ್' ಇರುವ ಕಡೆ 'ಹ್ಯಾಡ್', ಇನ್ನೊಂದು ಕಡೆ 'ವುಡ್ ಹ್ಯಾವ್': "ಇಫ್ ಐ ಹ್ಯಾಡ್ ನೋನ್, ಐ ವುಡ್ ಹ್ಯಾವ್ ಕಾಲ್ಡ್ ಯು."

ಹಿಂದೆ ಆದದ್ದರ ಫಲ ಇವತ್ತಿಗೂ ಉಳಿದಿದ್ದರೆ ಎರಡನೇ ಭಾಗದಲ್ಲಿ ಬರೀ 'ವುಡ್' ಸಾಕು: "ಇಫ್ ವಿ ಹ್ಯಾಡ್ ಹೈರ್ಡ್ ಇನ್ ಜನವರಿ, ವಿ ವುಡ್ ಬಿ ರೆಡಿ ನೌ." ಪುಸ್ತಕದಲ್ಲಿ ಇದಕ್ಕೆ ಮಿಕ್ಸ್‌ಡ್ ಅಂತಾರೆ.

ಪ್ರೊಡಕ್ಷನ್ ಸಿಸ್ಟಮ್ ಬಿದ್ದುಹೋಯಿತು, ಆರ್‌ಸಿಎ (ಯಾಕೆ ಹೀಗಾಯಿತು ಅನ್ನುವ ಮೂಲ ಕಾರಣದ ವರದಿ) ಬರೆಯಬೇಕು. 'ಇಫ್ ಯು ಹ್ಯಾಡ್' ಹಾಕಬಹುದಾ?

ವ್ಯಾಕರಣ ಹೌದು ಅನ್ನುತ್ತದೆ, ನಾನು ಬೇಡ ಅನ್ನುತ್ತೇನೆ. "ಇಫ್ ಯು ಹ್ಯಾಡ್ ಟೋಲ್ಡ್ ಅಸ್ ಅರ್ಲಿಯರ್, ದಿಸ್ ವುಡ್ ನಾಟ್ ಹ್ಯಾವ್ ಹ್ಯಾಪನ್ಡ್" ಅನ್ನುವ ವಾಕ್ಯ ಬೆರಳು ತೋರಿಸುತ್ತದೆ, ಆಮೇಲಿನ ಹತ್ತು ಮೇಲ್ ಯಾರು ಯಾರಿಗೆ ಯಾವಾಗ ಹೇಳಿದರು ಅನ್ನುವುದಕ್ಕೇ ಹೋಗುತ್ತದೆ. 'ಯು' ತೆಗೆದು ಕೆಲಸವನ್ನೇ ಕರ್ತೃ ಮಾಡಿ: "ಇಫ್ ದ ಬ್ಯಾಕಪ್ ಹ್ಯಾಡ್ ಬೀನ್ ಟೆಸ್ಟೆಡ್, ದ ರಿಸ್ಟೋರ್ ವುಡ್ ಹ್ಯಾವ್ ವರ್ಕ್ಡ್." ಅದಾದ ತಕ್ಷಣ ಮುಂದಿನದಕ್ಕೆ ಬನ್ನಿ: "ಫ್ರಮ್ ದಿಸ್ ಮಂತ್, ವಿ ವಿಲ್ ಟೆಸ್ಟ್ ದ ಬ್ಯಾಕಪ್ ಎವ್ರಿ ಮಂಡೇ." ಇಲ್ಲಿ 'ವುಡ್' ಹಾಕಿದರೆ ಮಾತ್ರ ನಗೆಪಾಟಲು.

ಬಗ್ ರಿಪೋರ್ಟ್‌ಗೆ ಯಾವುದು ಸರಿ, 'ಕ್ರ್ಯಾಶಸ್', 'ವಿಲ್ ಕ್ರ್ಯಾಶ್' ಅಥವಾ 'ವುಡ್ ಕ್ರ್ಯಾಶ್'?

"ಇಫ್ ದ ಯೂಸರ್ ಕ್ಲಿಕ್ಸ್ ಸೇವ್ ವಿದೌಟ್ ಎ ನೇಮ್, ದಿ ಆ್ಯಪ್ ಕ್ರ್ಯಾಶಸ್." ಪ್ರತಿ ಸಲವೂ ಆಗುತ್ತದೆ, ನೀವು ಕಣ್ಣಾರೆ ನೋಡಿದ್ದೀರಿ ಅಂತ ಅರ್ಥ. 'ವುಡ್ ಕ್ರ್ಯಾಶ್' ಅಂದರೆ ಡೆವಲಪರ್ "ನೋಡಿ ಹೇಳ್ತಿದ್ದೀಯೋ, ಊಹೆಯೋ?" ಅಂತ ಟಿಕೆಟ್ ವಾಪಸ್ ಕಳಿಸುತ್ತಾರೆ.

ಮ್ಯಾನ್ಯುಯಲ್ ಬರೆಯುವಾಗ 'ಇಫ್' ಮತ್ತು 'ವೆನ್' ಬೇರ್ಪಡಿಸಿ. ಆಗೇ ಆಗುವುದಕ್ಕೆ 'ವೆನ್': "ವೆನ್ ದ ಲೈಟ್ ಟರ್ನ್ಸ್ ಗ್ರೀನ್, ಪ್ರೆಸ್ ಸ್ಟಾರ್ಟ್." ಆಗದೆಯೂ ಇರಬಹುದಾದ್ದಕ್ಕೆ 'ಇಫ್': "ಇಫ್ ದ ಲೈಟ್ ಟರ್ನ್ಸ್ ರೆಡ್, ಸ್ವಿಚ್ ಆಫ್ ದ ಮಷೀನ್." ಅದಲು ಬದಲಾದರೆ ಆಪರೇಟರ್ ಕೆಂಪು ದೀಪಕ್ಕೆ ಕಾಯುತ್ತಾ ಕೂರುತ್ತಾನೆ.

ಬಾಕಿ ಹಣ ಕೇಳುವ ಮೇಲ್ ಹೇಗೆ ಬರೆಯುವುದು? ಜಗಳ ಆಗಬಾರದು, ದುಡ್ಡೂ ಬರಬೇಕು.

ಮೊದಲ ನೆನಪೋಲೆಯಲ್ಲಿ ಎಲ್ಲರಿಗೂ ಗೊತ್ತಿರುವ ವಾಕ್ಯ: "ಇಫ್ ಯು ಹ್ಯಾವ್ ಆಲ್ರೆಡಿ ಪೇಯ್ಡ್, ಪ್ಲೀಸ್ ಇಗ್ನೋರ್ ದಿಸ್ ಮೇಲ್." ಬ್ಯಾಂಕು, ಬೆಸ್ಕಾಂ, ಫೋನ್ ಕಂಪನಿ ಎಲ್ಲಾ ಇದನ್ನೇ ಕಳಿಸುತ್ತವೆ. ತಮಾಷೆ ಅಂದರೆ ಇದು ಆ ನಾಲ್ಕು ಕಂಡೀಷನಲ್‌ಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ಆದರೂ ನೂರಕ್ಕೆ ನೂರು ಸರಿ. "ಇಫ್ ಯು ವರ್ ಇನ್ ಯೆಸ್ಟರ್‌ಡೇಸ್ ಮೀಟಿಂಗ್, ಯು ನೋ ದ ನಂಬರ್ಸ್" ಕೂಡ ಹಾಗೇ, ಅಲ್ಲಿ ಭೂತಕಾಲ ಅಂದರೆ ನಿಜವಾದ ಭೂತಕಾಲ. ನಾಲ್ಕು ಡಬ್ಬಿಯೊಳಗೆ ಕೂರದ ವಾಕ್ಯವೆಲ್ಲ ತಪ್ಪು ಅಂತ ತಿದ್ದುವವರು ಸಿಕ್ಕರೆ ಈ ವಾಕ್ಯ ತೋರಿಸಿ.

ಎರಡನೇ ಸಲ ಕೋರಿಕೆ: "ವಿ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್ ರಿಲೀಸ್ ದ ಪೇಮೆಂಟ್ ದಿಸ್ ವೀಕ್."

ಮೂರನೇ ಸಲ 'ವಿಲ್': "ಇಫ್ ವಿ ಡೋಂಟ್ ರಿಸೀವ್ ದ ಪೇಮೆಂಟ್ ಬೈ ದ ಥರ್ಟಿಯತ್, ವಿ ವಿಲ್ ಹ್ಯಾವ್ ಟು ಹೋಲ್ಡ್ ದ ನೆಕ್ಸ್ಟ್ ಲಾಟ್." ಇದನ್ನು ಬರೆದ ಮೇಲೆ 30 ದಾಟಿದರೆ ಮಾಲು ನಿಲ್ಲಿಸಲೇಬೇಕು. ನಿಲ್ಲಿಸುವ ಧೈರ್ಯ ಇಲ್ಲದಿದ್ದರೆ 'ವಿಲ್ ಹ್ಯಾವ್ ಟು' ಬದಲು 'ಮೇ ಹ್ಯಾವ್ ಟು' ಹಾಕಿ, ಇಲ್ಲದಿದ್ದರೆ ನಾಲ್ಕನೇ ಮೇಲ್ ಅನ್ನು ಯಾರೂ ತೆರೆದೂ ನೋಡುವುದಿಲ್ಲ.

ನಿಮ್ಮದು ನೋಂದಣಿ ಆಗಿರುವ ಅತಿ ಸಣ್ಣ ಅಥವಾ ಸಣ್ಣ ಘಟಕ, ಮಾಲು ಕೊಂಡವರು ಇಲ್ಲಿಯವರೇ ಆಗಿದ್ದರೆ 2006ರ ಎಂಎಸ್‌ಎಂಇಡಿ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ) ಕಾಯ್ದೆ ನಿಮ್ಮ ಕಡೆ ಇದೆ. ಲಿಖಿತ ಒಪ್ಪಂದದಲ್ಲಿ ಎಷ್ಟೇ ದಿನ ಬರೆದುಕೊಂಡಿದ್ದರೂ ಮಾಲು ಒಪ್ಪಿಕೊಂಡ ದಿನದಿಂದ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಲೆಕ್ಕದಲ್ಲಿ ಚಕ್ರಬಡ್ಡಿ. ಇದನ್ನು ಹೇಳುವಾಗ 'ವಿ ವಿಲ್ ಚಾರ್ಜ್' ಅನ್ನಬೇಡಿ, ನೀವು ಹೆದರಿಸಿದ ಹಾಗಾಗುತ್ತದೆ. ರೂಲ್ ಹೇಳುವ ರೂಪ ಹಾಕಿ: "ಇಫ್ ಪೇಮೆಂಟ್ ಈಸ್ ಡಿಲೇಡ್ ಬಿಯಾಂಡ್ ಫಾರ್ಟಿಫೈವ್ ಡೇಸ್, ಇಂಟರೆಸ್ಟ್ ಈಸ್ ಪೇಯಬಲ್ ಅಂಡರ್ ದಿ ಎಂಎಸ್‌ಎಂಇಡಿ ಆ್ಯಕ್ಟ್." ಈಗ ಮಾತಾಡುತ್ತಿರುವುದು ಕಾಯ್ದೆ, ನೀವು ಪಕ್ಕದಲ್ಲಿ ಸುಮ್ನೆ ನಿಂತಿದ್ದೀರಿ.

'ಶುಡ್ ಯು ಹ್ಯಾವ್ ಎನಿ ಕ್ವಶ್ಚನ್ಸ್' ಅಂದರೆ ಪ್ರಶ್ನೆ ಇರಲೇಬೇಕು ಅಂತಾನಾ?

ಅಲ್ಲ. 'ಇಫ್' ತೆಗೆದು ಪದ ತಿರುಗಿಸಿದ ರೂಪ ಅದು, 'ಏನಾದರೂ ಪ್ರಶ್ನೆಗಳಿದ್ದರೆ' ಅಂತ ಅಷ್ಟೇ. ಇದರ ಅಣ್ಣತಮ್ಮಂದಿರು ಇನ್ನಿಬ್ಬರು: 'ಹ್ಯಾಡ್ ವಿ ನೋನ್' ಮತ್ತು 'ವರ್ ವಿ ಟು ಎಕ್ಸ್‌ಪ್ಯಾಂಡ್'. ಇವುಗಳ ಜೊತೆ ಮತ್ತೆ 'ಇಫ್' ಹಾಕಬಾರದು. ಇಲ್ಲ ಅನ್ನಬೇಕಾದರೆ 'ನಾಟ್' ಬಿಡಿಸಿ ಬರೆಯಬೇಕು: 'ಹ್ಯಾಡ್ ವಿ ನಾಟ್ ಚೆಕ್ಡ್' ಸರಿ, 'ಹ್ಯಾಡಂಟ್ ವಿ ಚೆಕ್ಡ್' ಆಗುವುದಿಲ್ಲ. ಪತ್ರದ ಕೊನೆಗೆ, ಪ್ರಪೋಸಲ್‌ಗೆ ಚೆನ್ನ. ಟೀಮ್ಸ್ ಚಾಟ್‌ನಲ್ಲಿ ಹಾಕಿದರೆ ಮದುವೆ ಶೇರ್ವಾನಿ ಹಾಕಿಕೊಂಡು ಕ್ಯಾಂಟೀನಿಗೆ ಬಂದ ಹಾಗೆ.

'ಇಫ್ ಐ ವಾಸ್ ಯು' ಅಥವಾ 'ಇಫ್ ಐ ವರ್ ಯು'?

ಬರೆಯುವಾಗ 'ವರ್'. ಮಾತಿನಲ್ಲಿ 'ವಾಸ್' ಅಂದರೂ ಯಾರೂ ಏನೂ ಅನ್ನುವುದಿಲ್ಲ.

ಕಾಮಾ ಎಲ್ಲಿ? 'ದೆನ್' ಬೇಕಾ?

'ಇಫ್' ಭಾಗ ಮೊದಲು ಬಂದರೆ ಅದಾದ ಮೇಲೆ ಕಾಮಾ. ಕೊನೆಗೆ ಬಂದರೆ ಸಾಮಾನ್ಯವಾಗಿ ಬೇಡ. 'ದೆನ್' ಬೇಕಿಲ್ಲ, ಉದ್ದುದ್ದ ಷರತ್ತುಗಳು ಬಂದು ಫಲ ಎಲ್ಲಿ ಶುರು ಅಂತ ತಿಳಿಯದೇ ಹೋದಾಗ ಮಾತ್ರ ಹಾಕಿ.

"ಲೆಟ್ ಮಿ ನೋ ಇಫ್ ಯು ನೀಡ್ ಎ ಡೆಮೊ" ಅಂತ ಕಳಿಸಿದೆ. ಉತ್ತರವೇ ಬರಲಿಲ್ಲ.

ಬರದಿರುವುದೂ ಒಂದು ಉತ್ತರವೇ. ಈ ವಾಕ್ಯಕ್ಕೆ 'ಬೇಕಿದ್ದರೆ ಹೇಳಿ' ಅನ್ನುವ ಅರ್ಥವೂ ಇದೆ, ಬೇಡದವರು ಸುಮ್ಮನಿರುತ್ತಾರೆ. ಬೇಕೋ ಬೇಡವೋ ಎರಡಕ್ಕೂ ಉತ್ತರ ಬೇಕಿದ್ದರೆ 'ವೆದರ್' ಹಾಕಿ: "ಪ್ಲೀಸ್ ಲೆಟ್ ಮಿ ನೋ ವೆದರ್ ಯು ನೀಡ್ ಎ ಡೆಮೊ." ತಾರೀಖನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು.

ಗ್ರಾಮರ್ ಟೂಲ್ ಯಾವ ತಪ್ಪೂ ತೋರಿಸಲಿಲ್ಲ. ಕಳಿಸಿಬಿಡಲಾ?

'ಇಫ್ ಐ ವುಡ್ ಹ್ಯಾವ್' ತರಹದ್ದನ್ನು ಟೂಲ್ ಹಿಡಿಯುತ್ತದೆ. ಆದರೆ "ಇಫ್ ಯು ಸೈನ್, ವಿ ವಿಲ್" ಮತ್ತು "ಇಫ್ ಯು ಸೈನ್ಡ್, ವಿ ವುಡ್" ಎರಡೂ ವ್ಯಾಕರಣಕ್ಕೆ ಸರಿ, ಎರಡಕ್ಕೂ ಅದು ತಲೆ ಆಡಿಸುತ್ತದೆ. ನಿಮ್ಮ ಮ್ಯಾನೇಜರ್ ಶೇಕಡಾ 8ಕ್ಕೆ ಒಪ್ಪಿದ್ದಾರೋ ಇಲ್ಲವೋ ಅದಕ್ಕೆ ಹೇಗೆ ಗೊತ್ತಾಗಬೇಕು? ಕಳಿಸುವ ಮುಂಚೆ 'ವಿಲ್' ಇರುವ ವಾಕ್ಯಗಳನ್ನು ಮಾತ್ರ ಮತ್ತೊಮ್ಮೆ ಓದಿ, ಅವಷ್ಟೂ ನಿಮ್ಮ ಕೈಲಿ ಆಗುವ ಕೆಲಸವೇ ಅಂತ ನೋಡಿ.

ಮೇಲ್ ಸರಿ, ಕಾಲ್‌ನಲ್ಲಿ ಇಷ್ಟೆಲ್ಲ ಯೋಚನೆ ಮಾಡಲು ಟೈಮ್ ಎಲ್ಲಿ?

ಇಲ್ಲ, ಹಾಗಾಗಿ ಎರಡು ಮೂರು ತುಂಡುಗಳನ್ನು ನಾಲಿಗೆ ತುದಿಯಲ್ಲಿ ಇಟ್ಟುಕೊಳ್ಳಿ. ಅರ್ಥ ಆಯಿತಾ ಅಂತ ಖಾತ್ರಿ ಮಾಡಿಕೊಳ್ಳಲು "ಇಫ್ ಐ ಅಂಡರ್‌ಸ್ಟ್ಯಾಂಡ್ ಕರೆಕ್ಟ್‌ಲಿ". ಮಧ್ಯೆ ಬಾಯಿ ಹಾಕಲು "ಇಫ್ ಐ ಮೇ". ಒತ್ತಡ ಹಾಕಿದಾಗ ಸಮಯ ಕೊಂಡುಕೊಳ್ಳಲು "ಇಫ್ ಇಟ್ಸ್ ಓಕೆ ವಿತ್ ಯು, ಐ ವಿಲ್ ಚೆಕ್ ಅಂಡ್ ಕಮ್ ಬ್ಯಾಕ್ ಬೈ ಫೋರ್".

ಕಾಲ್‌ನಲ್ಲಿ ಇನ್ನೊಂದು ಕಾಟ ಇದೆ. 'ವಿ ವಿಲ್' ಬಾಯಿಯಲ್ಲಿ 'ವೀಲ್' ಆಗುತ್ತದೆ, 'ವಿ ವುಡ್' 'ವೀಡ್' ಆಗುತ್ತದೆ. ಲೈನ್ ಸರಿಯಿಲ್ಲದಿದ್ದರೆ ಎರಡಕ್ಕೂ ವ್ಯತ್ಯಾಸವೇ ಕೇಳಿಸುವುದಿಲ್ಲ, ಅವರು ಯೋಚನೆ ಹೇಳಿದ್ದನ್ನು ನೀವು ಮಾತು ಕೊಟ್ಟದ್ದು ಅಂತ ಬರೆದುಕೊಂಡಿರುತ್ತೀರಿ. ದುಡ್ಡು ಅಥವಾ ತಾರೀಖಿನ ಮಾತಾದರೆ ಬಿಡಿಸಿ ಹೇಳಿ, ಅವರಿಂದಲೂ ಬಿಡಿಸಿ ಹೇಳಿಸಿ, ಕಾಲ್ ಮುಗಿದ ಮೇಲೆ ಎರಡು ಸಾಲಿನ ಮೇಲ್ ಹಾಕಿ: "ಟು ಕನ್ಫರ್ಮ್, ಇಫ್ ವಿ ಸೆಂಡ್ ದ ಸ್ಯಾಂಪಲ್ ಬೈ ಟ್ಯೂಸ್‌ಡೇ, ಯು ವಿಲ್ ಅಪ್ರೂವ್ ಬೈ ಫ್ರೈಡೇ. ಪ್ಲೀಸ್ ಕರೆಕ್ಟ್ ಮಿ ಇಫ್ ಐ ಹ್ಯಾವ್ ಮಿಸ್ಡ್ ಎನಿಥಿಂಗ್."